ಮಾಸ್ಕಿನೊಂದಿಗೆ ಹಗಲಿನಲ್ಲೇ ಪರಿಚಯ

ನನ್ನ ನಿದ್ರಾ ಪರೀಕ್ಷೆಯ ವರದಿಯಲ್ಲಿದ್ದ 34 ಎಂಬ ಅಂಕೆಗೆ ವೈದ್ಯರು ಪೆನ್ನಿನಿಂದ ಸುತ್ತು ಹಾಕಿದರು. ನಿದ್ರೆಯ ಪ್ರತಿ ಗಂಟೆಯಲ್ಲೂ ಸರಾಸರಿ ಅಷ್ಟು ಸಲ ನನ್ನ ಉಸಿರು ಪೂರ್ತಿ ನಿಲ್ಲುತ್ತಿತ್ತು, ಇಲ್ಲವೇ ತೀರಾ ಕ್ಷೀಣವಾಗುತ್ತಿತ್ತು. ಕನಿಷ್ಠ 10 ಸೆಕೆಂಡು ಹಾಗಾದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದಂತೆ. 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ. ಸ್ಲೀಪ್ ಆಪ್ನಿಯಾ ಎಂಬ ಹೆಸರನ್ನು ಕೇಳಿ ನನಗೆ ಮೊದಲು ಅನಿಸಿದ್ದು ನಾಚಿಕೆ. ಗೊರಕೆ ಹೊಡೆಯುವವನೆಂದು ಮನೆಮಂದಿಯೆಲ್ಲ ನಗುತ್ತಿದ್ದರು. ಈಗ ಅದಕ್ಕೊಂದು ಸರ್ಟಿಫಿಕೇಟ್ ಸಿಕ್ಕಿತ್ತು.

ನನ್ನ ಹೆಂಡತಿ ಮಾತ್ರ ನಗಲಿಲ್ಲ. "ನೀವು ಗೊರಕೆ ಹೊಡೆಯುತ್ತಿರುವಷ್ಟು ಹೊತ್ತು ನನಗೆ ನೆಮ್ಮದಿ. ಅದು ನಿಂತಾಗ ನಾನು ಎದ್ದು ಕೂರುತ್ತೇನೆ" ಎಂದಳು. ಎಷ್ಟು ವರ್ಷಗಳಿಂದ ಹೀಗೆ ಕೂತಿದ್ದಾಳೋ, ನಾನು ಕೇಳಿರಲೇ ಇಲ್ಲ.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಕುಸಿಯುತ್ತದೆ. ಮಿದುಳು ಗಾಬರಿಯಾಗಿ ಅರೆಕ್ಷಣ ಎಚ್ಚರಿಸುತ್ತದೆ. ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ. ಬೆಳಗಿನ ತಲೆನೋವಿಗೆ ಕನ್ನಡಕವನ್ನು, ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದಕ್ಕೆ ವಯಸ್ಸನ್ನು ದೂರುತ್ತಿದ್ದೆ. ಎರಡಕ್ಕೂ ಇದೇ ಕಾರಣವಿರಬಹುದೆಂದು ವೈದ್ಯರು ಹೇಳಿದಾಗ ಹಳೆಯ ದೂರುಗಳೆಲ್ಲ ಒಂದೇ ಕಡತಕ್ಕೆ ಸೇರಿದವು. ಹಗಲಿನ ತೂಕಡಿಕೆಯನ್ನು ಅಳೆಯಲು ಎಪ್ವರ್ತ್ ಎಂಬ ಎಂಟು ಪ್ರಶ್ನೆಗಳ ಪಟ್ಟಿಯಿದೆ. ಅದರಲ್ಲಿ 24ಕ್ಕೆ 16 ಗಳಿಸಿದೆ. ಹೆಚ್ಚು ಅಂಕ ಬಂದದ್ದಕ್ಕೆ ಬೇಸರಪಟ್ಟ ಪರೀಕ್ಷೆ ಇದೊಂದೇ.

ಚಿಕಿತ್ಸೆ ಎಂದರೆ ಸಿಪ್ಯಾಪ್: ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ಕುಸಿಯದಂತೆ ಹಿಡಿದಿಡುವ ಯಂತ್ರ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ ತೀವ್ರ ಆಪ್ನಿಯಾ ಇದ್ದವರಿಗೆ ಇದ್ದ ಮುಖ್ಯ ದಾರಿ, ಕತ್ತಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಹಾಕುವುದು. ಇದನ್ನು ಓದಿದ ಮೇಲೆ ಮಾಸ್ಕಿನ ಬಗ್ಗೆ ನನ್ನ ಗೊಣಗಾಟ ಅರ್ಧಕ್ಕೆ ಇಳಿಯಿತು.

ಯಂತ್ರ ಬರಲು ಮೂರು ವಾರವಿತ್ತು. ಆ ಅವಧಿಯಲ್ಲಿ ದೂರದ ಪ್ರಯಾಣಕ್ಕೆ ಕಾರು ಓಡಿಸಲಿಲ್ಲ. ಒಮ್ಮೆ ಸಿಗ್ನಲ್‌ನಲ್ಲೇ ಕಣ್ಣು ಮುಚ್ಚಿಹೋಗಿತ್ತು. ಮದ್ಯ ಬಿಟ್ಟೆ, ಅದು ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ. ಬೆನ್ನಿಗೆ ದಿಂಬು ಒತ್ತಿಟ್ಟು ಪಕ್ಕಕ್ಕೆ ಮಲಗುವುದನ್ನು ಕಲಿತೆ. ಸದಾ ಕಟ್ಟಿಕೊಂಡಿರುತ್ತಿದ್ದ ಮೂಗಿಗೂ ಚಿಕಿತ್ಸೆ ಪಡೆದೆ. ಮೂಗು ಮುಚ್ಚಿದ್ದರೆ ಮೂಗಿನ ಮಾಸ್ಕ್ ವ್ಯರ್ಥ, ಮೂಗು, ಬಾಯಿ ಎರಡನ್ನೂ ಮುಚ್ಚುವ ದೊಡ್ಡದನ್ನೇ ಹಾಕಿಕೊಳ್ಳಬೇಕಾಗುತ್ತಿತ್ತು.

ಇವೆಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಾಸ್ಕನ್ನು ಒಂದು ವಾರ ಮೊದಲೇ ತಂದಿಟ್ಟುಕೊಂಡದ್ದು. ಮೊದಲ ದಿನ ಕಟ್ಟಿಕೊಂಡು ಕನ್ನಡಿ ನೋಡಿದೆ, ಎದೆ ಢವಢವ ಎಂದಿತು, ಕಿತ್ತೆಸೆದೆ. ಮರುದಿನ ಕನ್ನಡಿಯ ಸಹವಾಸ ಬಿಟ್ಟೆ. ಕೊಳವೆ ಜೋಡಿಸದೆ, ಪಟ್ಟಿ ಬಿಗಿಯದೆ, ಕೈಯಲ್ಲೇ ಮೂಗಿಗೆ ಹಿಡಿದು ಪತ್ರಿಕೆಯ ಒಂದು ಪುಟ ಓದಿದೆ. ಆಮೇಲೆ ಪಟ್ಟಿ ಹಾಕಿ ಎರಡು ಪುಟ. ವಾರದ ಕೊನೆಗೆ ಸಂಪಾದಕೀಯವನ್ನೂ ಮುಗಿಸುವಷ್ಟು ಧೈರ್ಯ ಬಂತು, ಅದನ್ನು ಮಾಸ್ಕ್ ಇಲ್ಲದೆಯೂ ನಾನು ಓದಿದವನಲ್ಲ. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ ಮೊದಲ ಬಾರಿಗೆ ಇದನ್ನು ಎದುರಿಸಿದ್ದರೆ ಖಂಡಿತ ಸೋಲುತ್ತಿದ್ದೆ.

ಯಂತ್ರ ಬಂದ ಮೇಲೂ ಮೊದಲು ಹಗಲಿನಲ್ಲಿ, ಕುರ್ಚಿಯಲ್ಲಿ ಕೂತೇ ಹಾಕಿಕೊಂಡೆ. ಮಾತನಾಡಲು ಬಾಯಿ ತೆರೆದೆ. ಗಾಳಿಯೆಲ್ಲ ಬಾಯಿಂದ ನುಗ್ಗಿ ಮಾತು ಬುಸುಗುಟ್ಟಿತು. ಉಸಿರು ಬಿಡುವಾಗ ಎದುರು ಗಾಳಿಗೆ ಸೈಕಲ್ ತುಳಿದಂತೆ. ಇದಕ್ಕಾಗಿಯೇ ರ‍್ಯಾಂಪ್ ಎಂಬ ವ್ಯವಸ್ಥೆಯಿದೆ. ಒತ್ತಡ ಕಡಿಮೆ ಮಟ್ಟದಲ್ಲಿ, ಅಂದರೆ 4 ಸೆಂಟಿಮೀಟರ್ ಎತ್ತರದ ನೀರು ಹೇರುವಷ್ಟರಲ್ಲಿ ಶುರುವಾಗಿ, ನಿದ್ರೆ ಹತ್ತುವಷ್ಟರಲ್ಲಿ ನಿಧಾನವಾಗಿ ವೈದ್ಯರು ಬರೆದುಕೊಟ್ಟ ಮಟ್ಟಕ್ಕೆ ಏರುತ್ತದೆ.

ಮೊದಲ ರಾತ್ರಿ ಮಾಸ್ಕ್ ಮುಖದ ಮೇಲಿದ್ದದ್ದು ಎರಡು ಗಂಟೆ ಹತ್ತು ನಿಮಿಷ. ಬೆಳಿಗ್ಗೆ ನೋಡಿದರೆ ಮಾಸ್ಕ್ ಮಂಚದ ಕೆಳಗಿತ್ತು. ಎರಡನೆಯ ರಾತ್ರಿ ಗಾಳಿ ಸೋರಿ ಕಣ್ಣಿಗೆ ಹೊಡೆಯಿತೆಂದು ಪಟ್ಟಿಯನ್ನು ಬಿಗಿದೆ. ಮೂಗಿನ ಮೇಲೆ ಕೆಂಪು ಬರೆ ಬಿತ್ತು, ಸೋರುವುದು ಹೆಚ್ಚಾಯಿತು. ಕೂತು ಹೊಂದಿಸಿದ ಪಟ್ಟಿ ಮಲಗಿದಾಗ ಸರಿಯಿರುವುದಿಲ್ಲ, ಮುಖದ ಆಕಾರವೇ ಬದಲಾಗುತ್ತದೆ. ಮಲಗಿ, ಗಾಳಿ ಬರುತ್ತಿರುವಾಗಲೇ ತುಸು ಸಡಿಲಿಸಿದರೆ ಮಾಸ್ಕಿನ ಮೆತ್ತೆ ತಾನಾಗಿ ಉಬ್ಬಿ ಕೂರುತ್ತದೆ. ಮುಖದ ಎಣ್ಣೆಯೂ ಸೋರಿಕೆಗೆ ದಾರಿ ಮಾಡುತ್ತದೆ, ಹಾಗಾಗಿ ದಿನವೂ ಮೆತ್ತೆಯನ್ನು ಸೌಮ್ಯ ಸಾಬೂನಿನಲ್ಲಿ ತೊಳೆಯುತ್ತೇನೆ. ಗಾಳಿಗೆ ತೇವ ಕೊಡುವ ಯಂತ್ರದ ತೊಟ್ಟಿಗೆ ಡಿಸ್ಟಿಲ್ಡ್ ನೀರು.

ಹನ್ನೊಂದನೆಯ ರಾತ್ರಿ ಆರು ಗಂಟೆ ದಾಟಿತು. ಯಂತ್ರದ ಪರದೆಯಲ್ಲಿ 34ರ ಜಾಗದಲ್ಲಿ 3 ಎಂದಿತ್ತು. ಮೂತ್ರಕ್ಕೆ ಎದ್ದದ್ದು ಒಂದೇ ಸಲ. ಆಗ ಪಕ್ಕದಲ್ಲಿ ಹೆಂಡತಿ ಎದ್ದು ಕೂತಿದ್ದಳು. ಗೊರಕೆಯಿಲ್ಲದ ಕೋಣೆ ಅವಳಿಗೆ ಇನ್ನೂ ಒಗ್ಗಿಲ್ಲ. ಯಂತ್ರದ ಸಣ್ಣ ಸುಯ್ ಸದ್ದು ಕಿವಿಗೆ ಬೀಳುವವರೆಗೆ ಕಾದು, ಆಮೇಲೆ ಮಲಗುತ್ತಾಳಂತೆ.