ರೊಕ್ಕದ ಲೆಕ್ಕ ಕೇಳುವ ಧರಣಿ: ಫ್ಲೆಕ್ಸ್‌ಗಿಂತ ಮೊದಲು ಕಾಗದ

ಬೆಳಗಾವಿಯ ಚನ್ನಮ್ಮ ವೃತ್ತಕ್ಕೆ ಘೋಷಣೆಗಳು ಹೊಸತಲ್ಲ. ‘ಜನಪ್ರತಿನಿಧಿಗಳು ಆಸ್ತಿ ಬಹಿರಂಗಪಡಿಸಲಿ’ ಎಂದು ಕೂಗುತ್ತ ಹೊರಟ ಮೆರವಣಿಗೆ ಜಿಲ್ಲಾಧಿಕಾರಿ ಕಚೇರಿ ಮುಟ್ಟುತ್ತದೆ, ಮನವಿ ಕೊಡುತ್ತದೆ, ಫೋಟೊ ತೆಗೆಸಿಕೊಂಡು ಚಹಾ ಕುಡಿದು ಚದುರುತ್ತದೆ. ಮನವಿ ‘ಮುಂದಿನ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಬೆಂಗಳೂರಿನ ದಾರಿ ಹಿಡಿಯುತ್ತದೆ. ತಪ್ಪು ಮನವಿಯಲ್ಲೇ ಇರುತ್ತದೆ. ‘ಪಾರದರ್ಶಕತೆ ತನ್ನಿ’ ಎಂದು ಕೇಳಿದವರಿಗೆ ‘ತರೋಣ ಬಿಡ್ರಿ’ ಎಂದರೆ ಮಾತು ಮುಗಿಯಿತು. ಯಾವ ಕಾಗದ, ಯಾರ ಕಪಾಟಿನಲ್ಲಿದೆ, ಯಾವ ತಾರೀಖಿನೊಳಗೆ ಸಲ್ಲಬೇಕಿತ್ತು ಎಂದು ಬರೆದು ಕೇಳಿದರೆ ಹಾಗೆ ಜಾರಿಕೊಳ್ಳಲು ಬರುವುದಿಲ್ಲ.

ಯಾರ ಲೆಕ್ಕ ಯಾರ ಹತ್ತಿರ

ಶಾಸಕರು, ವಿಧಾನ ಪರಿಷತ್ ಸದಸ್ಯರು ಮತ್ತು ಸಚಿವರಿಗೆ ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರ 22ನೇ ಕಲಂ ಅನ್ವಯಿಸುತ್ತದೆ. ತಮ್ಮ ಮತ್ತು ಕುಟುಂಬದವರ ಆಸ್ತಿ, ಸಾಲದ ವಿವರವನ್ನು ಪ್ರತಿ ವರ್ಷ ಜೂನ್ 30ರೊಳಗೆ ಅವರು ಲೋಕಾಯುಕ್ತರಿಗೆ ಕೊಡಬೇಕು. ಕೊಡದಿದ್ದರೆ ಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಅದಾಗಿ ಎರಡು ತಿಂಗಳಾದರೂ ಬಾರದಿದ್ದರೆ ಹೆಸರನ್ನು ಮೂರು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಧರಣಿಗೆ ಇದಕ್ಕಿಂತ ಗಟ್ಟಿ ನೆಲ ಸಿಗುವುದು ಕಷ್ಟ, ಆದರೂ ಫಲಕಗಳ ಮೇಲೆ ಈ ಕಲಂ ಕಾಣಿಸುವುದೇ ಅಪರೂಪ.

ಸಂಸದರ ದಾರಿ ಬೇರೆ. ಅವರು ಪ್ರಜಾಪ್ರತಿನಿಧಿ ಕಾಯ್ದೆ 1951ರ 75ಎ ಕಲಂ ಪ್ರಕಾರ ಪ್ರಮಾಣವಚನ ಸ್ವೀಕರಿಸಿದ 90 ದಿನಗಳೊಳಗೆ ಲೋಕಸಭೆಯ ಸ್ಪೀಕರ್ ಅಥವಾ ರಾಜ್ಯಸಭೆಯ ಸಭಾಪತಿಗೆ ವಿವರ ಕೊಡಬೇಕು. ಸಂಸದರ ಹೆಸರನ್ನೂ ಲೋಕಾಯುಕ್ತರ ಮನವಿಯಲ್ಲೇ ತುರುಕಿದರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹಕ್ಕೆ ನೀವೇ ಜಾಗ ಕೊಟ್ಟಂತೆ. ಮಹಾನಗರ ಪಾಲಿಕೆ ಸದಸ್ಯರು ಆಸ್ತಿ ಘೋಷಣೆಯನ್ನು ಮೇಯರ್‌ಗೆ ಸಲ್ಲಿಸಬೇಕು. ಅದನ್ನು ಕೇಳಬೇಕಾದದ್ದು ಪಾಲಿಕೆಯ ಕೌನ್ಸಿಲ್ ಕಾರ್ಯದರ್ಶಿಯನ್ನು.

ಅಫಿಡವಿಟ್ ಓದುವ ಕೆಲಸ

ಧರಣಿಗೆ ಕನಿಷ್ಠ 45 ದಿನ ಮೊದಲು ಇದನ್ನು ಶುರು ಮಾಡಿ. ನಾಮಪತ್ರದೊಂದಿಗೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರ (ಅಫಿಡವಿಟ್) ಚುನಾವಣಾ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಬ್ಬರೇ ಅಭ್ಯರ್ಥಿಯ 2018 ಮತ್ತು 2023ರ ಎರಡನ್ನೂ ಇಳಿಸಿಕೊಂಡು ಪಕ್ಕಪಕ್ಕ ಇಡಿ.

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಕೊನೆಯ ಪುಟದ ಒಟ್ಟು ಮೊತ್ತ ನೋಡಿ ‘ಐದು ವರ್ಷದಲ್ಲಿ ಮೂರು ಪಟ್ಟು’ ಎಂದು ಬ್ಯಾನರ್ ಬರೆಸಿಬಿಡುತ್ತಾರೆ. ಸ್ಥಿರಾಸ್ತಿಯ ಭಾಗದಲ್ಲಿ ಖರೀದಿ ಕಾಲದ ಬೆಲೆ ಬೇರೆ, ಈಗಿನ ಅಂದಾಜು ಮಾರುಕಟ್ಟೆ ಬೆಲೆ ಬೇರೆ. ರಸ್ತೆ ಅಗಲವಾಗಿ ಹೊಲದ ಬೆಲೆ ಏರಿದ್ದರೆ ಮಾಲೀಕ ಏನೂ ಕೊಳ್ಳದೆಯೂ ಒಟ್ಟು ಮೊತ್ತ ಉಬ್ಬುತ್ತದೆ. ಆದ್ದರಿಂದ ಸರ್ವೆ ನಂಬರುಗಳನ್ನು ಒಂದೊಂದಾಗಿ ಹೊಂದಿಸಿ. ಹಳೆಯ ಪತ್ರದಲ್ಲಿ ಇಲ್ಲದೆ ಹೊಸದರಲ್ಲಿ ಇರುವ ಸರ್ವೆ ನಂಬರು, ಅದರ ಎದುರಿನ ಖರೀದಿ ದಿನಾಂಕ ಮತ್ತು ಬೆಲೆ, ಅದೇ ವರ್ಷ ಘೋಷಿಸಿದ ಆದಾಯ: ಈ ಸಾಲುಗಳಲ್ಲೇ ನಿಮ್ಮ ಪ್ರಶ್ನೆ ಇದೆ. 2023ರ ನಮೂನೆಯಲ್ಲಿ ಐದು ವರ್ಷಗಳ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿದ ಆದಾಯವೂ ಇರುವುದರಿಂದ ಹೋಲಿಕೆ ಸುಲಭ. ಪತ್ನಿ ಅಥವಾ ಪತಿ, ಅವಿಭಕ್ತ ಕುಟುಂಬ, ಅವಲಂಬಿತರ ಕಾಲಂಗಳನ್ನು ಬಿಡಬೇಡಿ. ಪಹಣಿಯನ್ನು ಸರ್ಕಾರದ ಭೂದಾಖಲೆ ಜಾಲತಾಣ ‘ಭೂಮಿ’ಯಲ್ಲಿ ತೆಗೆದು ಎಕರೆ, ಗುಂಟೆ ತಾಳೆ ಹಾಕಿ. 40 ಗುಂಟೆಗೆ ಒಂದು ಎಕರೆ ಎಂಬುದನ್ನು ಮರೆತು 2 ಎಕರೆ 20 ಗುಂಟೆಯನ್ನು 2.20 ಎಕರೆ ಎಂದು ಕೂಡಿಸಿದರೆ, ಎದುರಾಳಿಗೆ ಅದೊಂದು ತಪ್ಪೇ ಸಾಕು.

ಹತ್ತು ರೂಪಾಯಿ, ನೂರೈವತ್ತು ಪದ

ಮುಂದಿನದು ಲೋಕಾಯುಕ್ತ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಎರಡು ವಿಷಯ ಸೇರಿಸಿದರೆ ತಿರಸ್ಕರಿಸಲು ನೆಪ ಸಿಗುತ್ತದೆ. ಆಸ್ತಿ ವಿವರದ ನಕಲನ್ನೇ ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂಬ ಗೋಡೆ ಎದುರಾಗುವ ಸಂಭವ ಹೆಚ್ಚು. ಹೀಗೆ ಬರೆಯಿರಿ:

‘ಲೋಕಾಯುಕ್ತ ಕಾಯ್ದೆಯ 22ನೇ ಕಲಂ ಪ್ರಕಾರ ಈ ವರ್ಷದ ಜೂನ್ 30ರೊಳಗೆ ಆಸ್ತಿ ಮತ್ತು ಹೊಣೆಗಾರಿಕೆ ವಿವರ ಸಲ್ಲಿಸಿದ ಹಾಗೂ ಸಲ್ಲಿಸದ ಬೆಳಗಾವಿ ಜಿಲ್ಲೆಯ ವಿಧಾನಸಭಾ ಸದಸ್ಯರ ಹೆಸರು ಮತ್ತು ಸಲ್ಲಿಸಿದ ದಿನಾಂಕ ಒದಗಿಸಿ.’

ಜಿಲ್ಲೆಯಲ್ಲಿ 18 ಕ್ಷೇತ್ರಗಳು, ಅಂದರೆ 18 ಸಾಲಿನ ಉತ್ತರ. ಉತ್ತರಕ್ಕೆ 30 ದಿನ, ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ (ವರ್ಷಕ್ಕೆ 2 ಕೋಟಿ ರೂಪಾಯಿ) ಲೆಕ್ಕ ಬೇಕಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಬೇರೆಯೇ ಅರ್ಜಿ ಹಾಕಿ. ಸ್ವಂತ ಆಸ್ತಿ ಮತ್ತು ಸರ್ಕಾರಿ ನಿಧಿ ಎರಡನ್ನೂ ಒಂದೇ ಧರಣಿಯಲ್ಲಿ ಕಲಸುವುದು ನಮ್ಮ ಅಭಿಪ್ರಾಯದಲ್ಲಿ ಬೇಡವೇ ಬೇಡ.

ಜಾಗ, ಅನುಮತಿ, ಮಳೆ

ಜೂನ್ 30ರ ಗಡುವು ಬರುವುದು ಬೆಳಗಾವಿಯ ಜಡಿಮಳೆಯಲ್ಲಿ. ಮರುದಿನವೇ ಬೀದಿಗಿಳಿದರೆ ಐವತ್ತು ಜನ ಸೇರುವುದೂ ಕಷ್ಟ, ಕಾರ್ಡ್‌ಬೋರ್ಡ್ ಫಲಕ ಅರ್ಧ ತಾಸಿನಲ್ಲಿ ಮೆತ್ತಗಾಗುತ್ತದೆ. ಜುಲೈಯಲ್ಲಿ ಅರ್ಜಿ ಹಾಕಿ, ಉತ್ತರ ಕೈಗೆ ಬಂದ ಮೇಲೆ ಸೆಪ್ಟೆಂಬರ್ ಕೊನೆಗೆ ಧರಣಿ ಇಟ್ಟುಕೊಳ್ಳಿ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಎರಡನೇ ಸುತ್ತು. ಆಗ ಪ್ರತಿಭಟನೆಗೆ ಗೊತ್ತುಪಡಿಸಿದ ಟೆಂಟ್‌ಗಳಲ್ಲೇ ಕೂರಬೇಕು. ಪಕ್ಕದ ಹೆದ್ದಾರಿಗೆ ಇಳಿದರೆ ಮರುದಿನದ ಸುದ್ದಿ ‘ಸಂಚಾರ ಅಸ್ತವ್ಯಸ್ತ’ ಎಂದಾಗುತ್ತದೆ, ನಿಮ್ಮ 18 ಸಾಲು ಎಲ್ಲಿಯೂ ಬರುವುದಿಲ್ಲ.

ಧರಣಿಯ ಅನುಮತಿ ಅರ್ಜಿಯನ್ನು ಪೊಲೀಸ್ ಕಮಿಷನರ್ ಕಚೇರಿಗೆ (ಬಾಗಲಕೋಟೆ, ವಿಜಯಪುರದಲ್ಲಾದರೆ ಎಸ್‌ಪಿ ಕಚೇರಿಗೆ) ಕನಿಷ್ಠ ಒಂದು ವಾರ ಮೊದಲು ಎರಡು ಪ್ರತಿಯಲ್ಲಿ ಕೊಡಿ: ದಿನಾಂಕ, ವೇಳೆ, ಮಾರ್ಗ, ಅಂದಾಜು ಜನ, ಮೂವರು ಜವಾಬ್ದಾರರ ಹೆಸರು ಮತ್ತು ಫೋನ್. ಧ್ವನಿವರ್ಧಕಕ್ಕೆ ಪ್ರತ್ಯೇಕ ಕೋರಿಕೆ. ಜಿಲ್ಲಾಧಿಕಾರಿ ಕಚೇರಿಯ ಪಕ್ಕದಲ್ಲೇ ನ್ಯಾಯಾಲಯವಿದೆ. ನ್ಯಾಯಾಲಯ ಮತ್ತು ಆಸ್ಪತ್ರೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾದ್ದರಿಂದ ಕಲಾಪದ ದಿನ ಅಲ್ಲಿ ಮೈಕ್ ಹಚ್ಚುವಂತಿಲ್ಲ. ಅಲ್ಲಿ ಫಲಕವೇ ಮಾತಾಡಬೇಕು.

ಫಲಕದ ಅಕ್ಷರ ಮೂರು ಇಂಚು ಎತ್ತರವಿದ್ದರೆ ಮೂವತ್ತು ಅಡಿಯಿಂದ ಆರಾಮಾಗಿ ಓದಬಹುದು. ಒಂದು ಫಲಕಕ್ಕೆ ಆರೇಳು ಪದ ಸಾಕು: ‘22ನೇ ಕಲಂ. ಜೂನ್ 30. ಲೆಕ್ಕ ಎಲ್ಲೈತ್ರಿ?’ ಮರಾಠಿಯಲ್ಲೂ ನಾಲ್ಕು ಬರೆಸಿ, ಊರಿನ ಅರ್ಧ ಪೇಟೆ ಅದನ್ನೇ ಓದುತ್ತದೆ. ‘ಕಳ್ಳ’, ‘ಲೂಟಿಕೋರ’ ಬೇಡ. ಮಾನನಷ್ಟದ ನೋಟಿಸ್ ಬರುವುದು ಆ ಒಂದು ಪದಕ್ಕೇ, ಅಫಿಡವಿಟ್‌ನ ಅಂಕಿಗಲ್ಲ. ಪ್ರತಿಕೃತಿ ದಹನವನ್ನೂ ಬಿಡಿ, ಕ್ಯಾಮೆರಾ ಬೆಂಕಿಯನ್ನಷ್ಟೇ ಹಿಡಿಯುತ್ತದೆ.

ಇನ್ನೂರು ಜನ ನಾಲ್ಕು ತಾಸು ಕೂರುವುದಾದರೆ 20 ಲೀಟರ್‌ನ 15 ಕ್ಯಾನ್ ನೀರು, 20 ಜನಕ್ಕೊಬ್ಬ ಸ್ವಯಂಸೇವಕ. ಪೊಲೀಸರೊಂದಿಗೆ ಮಾತಿಗೆ ಒಬ್ಬರೇ ಇರಲಿ. ಐದು ಜನ ಒಮ್ಮೆಲೇ ಮಾತಾಡಿದಾಗಲೇ ತಳ್ಳಾಟ ಶುರುವಾಗುವುದು.

ಮನವಿ ಕೊಡುವ ಹೊತ್ತು

ಮನವಿ ಒಂದೇ ಪುಟ. ಮೇಲೆ ಕಲಂ, ನಡುವೆ ಬೇಡಿಕೆ (ಸಲ್ಲಿಸದವರ ಹೆಸರು ಪ್ರಕಟಿಸಿ), ಕೆಳಗೆ ಉತ್ತರಕ್ಕೆ ತಾರೀಖು. ಮಾಹಿತಿ ಹಕ್ಕಿನ ಉತ್ತರದ ನಕಲು ಲಗತ್ತಿಸಿ. ವಿಳಾಸ ಲೋಕಾಯುಕ್ತರದ್ದು, ಜಿಲ್ಲಾಧಿಕಾರಿ ಮೂಲಕ. ಫೋಟೊಕ್ಕೆ ಹಲ್ಲು ಕಿರಿದು ಕೈಗೆ ಕೊಟ್ಟು ಬಂದರೆ ಸಾಲದು, ಟಪಾಲು ವಿಭಾಗಕ್ಕೆ ಹೋಗಿ ನಿಮ್ಮ ಪ್ರತಿಯ ಮೇಲೆ ದುಂಡು ಮುದ್ರೆ, ದಿನಾಂಕ, ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳಿ. ಮುದ್ರೆಯ ಶಾಯಿ ಮಸುಕಾಗಿದ್ದರೆ ಮತ್ತೊಮ್ಮೆ ಒತ್ತಿಸಿ. ಇನ್ನೊಂದು ಪ್ರತಿಯನ್ನು ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ನೇರವಾಗಿ ಬೆಂಗಳೂರಿಗೆ ಕಳಿಸಿ.

ಮನವಿಯಲ್ಲಿ ಬರೆದ ತಾರೀಖು ಕಳೆದ ಮರುದಿನ ಇನ್ನೊಂದು 10 ರೂಪಾಯಿಯ ಅರ್ಜಿ: ‘ಈ ಸ್ವೀಕೃತಿ ಸಂಖ್ಯೆಯ ಮನವಿಯ ಮೇಲೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ.’ ಪುಟಕ್ಕೆ 2 ರೂಪಾಯಿ ಕಟ್ಟಬೇಕು. ಅಧಿವೇಶನದ ಟೆಂಟ್‌ಗೆ ಹೋಗುವಾಗ ಹಿಡಿಯಬೇಕಾದದ್ದು ಆ ಹಾಳೆಗಳನ್ನು.