ಕೆಂಪು ಗ್ಯಾಲಕ್ಸಿಗಳನ್ನು ನಂಬಿ ನಾನು ತಪ್ಪಿದ್ದು

ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು ಎರಡು ಬೇಸಿಗೆ ರಜೆಗಳನ್ನು ಆಕಾಶದ ಚಿತ್ರ, ರೋಹಿತಗಳನ್ನು ದಾಖಲಿಸುವ ಸ್ಲೋನ್ ಸಮೀಕ್ಷೆಯ ಮುಕ್ತ ದತ್ತಾಂಶದಲ್ಲಿ (ರೋಹಿತವೆಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ಸುರುಳಿ ಗ್ಯಾಲಕ್ಸಿಗಳ ಬಣ್ಣ ಲೆಕ್ಕಹಾಕುತ್ತ ಕಳೆದಿದ್ದೇನೆ. ನೀಲಿ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ, ಕೆಂಪು ಗ್ಯಾಲಕ್ಸಿಯಲ್ಲಿ ಹುಟ್ಟು ಬಹುಮಟ್ಟಿಗೆ ನಿಂತಿದೆ ಎಂಬ ಸ್ಥೂಲ ನಿಯಮವನ್ನು ಹಿಡಿದು ಪಟ್ಟಿ ಮಾಡಿದಾಗ, ನಮಗೆ ಅಂಚು ತೋರಿಸಿ ನಿಂತವುಗಳೇ ಹೆಚ್ಚಾಗಿ ಕೆಂಪಿನ ಗುಂಪಿಗೆ ಸೇರಿದವು. ಗ್ಯಾಲಕ್ಸಿ ನಮ್ಮತ್ತ ವಾಲಿದ ಕೋನಕ್ಕೂ ಅದರ ನಕ್ಷತ್ರಗಳ ವಯಸ್ಸಿಗೂ ಏನು ನಂಟು? ಅಂಚಿನಿಂದ ನೋಡಿದಾಗ ಬೆಳಕು ಹೆಚ್ಚು ಧೂಳನ್ನು ಹಾದು ಬರಬೇಕಾಗುತ್ತದೆ, ಧೂಳು ಕೆಂಪಿಗಿಂತ ನೀಲಿಯನ್ನು ಹೆಚ್ಚು ಹೀರಿ ಚದುರಿಸುತ್ತದೆ. ಆಲೆಮನೆಯ ಹೊಗೆಯಾಚೆ ಮುಳುಗುವ ಸೂರ್ಯನನ್ನು ದಿನವೂ ಕಾಣುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ನಮ್ಮ ಕ್ಷೀರಪಥದ ಧೂಳಿನ ಪರಿಣಾಮವನ್ನು ಲೆಕ್ಕದಿಂದ ಕಳೆಯುವುದು ಸುಲಭ. ಶ್ಲೆಗೆಲ್, ಫಿಂಕ್‌ಬೈನರ್ ಮತ್ತು ಡೇವಿಸ್ 1998ರಲ್ಲಿ ಪ್ರಕಟಿಸಿದ ಧೂಳಿನ ನಕ್ಷೆ ಅದಕ್ಕೆ ಸಾಕು. ಅಲ್ಲಿಯೂ ಎಡವಿದೆ. ಸಮೀಕ್ಷೆಯ ಕೋಷ್ಟಕದಲ್ಲಿ ಅಳೆದ ಕಾಂತಿಮಾನಕ್ಕೊಂದು (ಹೊಳಪಿನ ಅಳತೆ), ಈ ಧೂಳನ್ನು ಆಗಲೇ ಕಳೆದದ್ದಕ್ಕೊಂದು ಕಾಲಂ ಇದ್ದು, ಎರಡನೆಯದನ್ನು ತೆಗೆದುಕೊಂಡು ನಾನು ಮತ್ತೊಮ್ಮೆ ಕಳೆದಿದ್ದರಿಂದ ಎಲ್ಲ ಗ್ಯಾಲಕ್ಸಿಗಳೂ ಇರುವುದಕ್ಕಿಂತ ನೀಲಿಯಾದವು.

ಕಷ್ಟವಿರುವುದು ನಾವು ನೋಡುವ ಗ್ಯಾಲಕ್ಸಿಯೊಳಗಿನ ಧೂಳಿನಲ್ಲಿ. ಅದಕ್ಕೆ ರೋಹಿತದಲ್ಲಿರುವ ಜಲಜನಕದ ಎರಡು ಗೆರೆಗಳನ್ನು ಬಳಸಿದೆ: 656.3 ನ್ಯಾನೋಮೀಟರ್‌ನ ಕೆಂಪು ಗೆರೆ, 486.1ರ ನೀಲಿ ಗೆರೆ. ನಕ್ಷತ್ರ ಹುಟ್ಟುವ ಅನಿಲ ಮೋಡದಲ್ಲಿ ಧೂಳಿಲ್ಲದಿದ್ದರೆ ಕೆಂಪು ಗೆರೆ ನೀಲಿಯ ಸುಮಾರು 2.86 ಪಟ್ಟು ಇರುತ್ತದೆ. ಧೂಳು ನೀಲಿಯನ್ನು ಹೆಚ್ಚು ತಡೆದಷ್ಟೂ ಈ ಪಟ್ಟು ಏರುತ್ತದೆ. ಒಂದು ಗ್ಯಾಲಕ್ಸಿಯಲ್ಲಿ ನನಗೆ 4.5 ಪಟ್ಟು ಬಂತು. ಲೆಕ್ಕದ ಪ್ರಕಾರ ಅದರ ಕೆಂಪು ಗೆರೆಯ ನಿಜವಾದ ಪ್ರಕಾಶ ಕಂಡದ್ದಕ್ಕಿಂತ ಮೂರು ಪಟ್ಟಿನಷ್ಟು, ಅಂದರೆ ನಾನು ‘ಮುದುಕ’ ಎಂದು ಬರೆದಿಟ್ಟ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ಚೆನ್ನಾಗಿಯೇ ಹುಟ್ಟುತ್ತಿದ್ದವು. ಆದರೆ ನಕ್ಷತ್ರಗಳ ಬೆಳಕಿನಲ್ಲಿಯೇ ಆ ನೀಲಿ ಗೆರೆಯ ಜಾಗದಲ್ಲಿ ಒಂದು ತಗ್ಗು ಇರುತ್ತದೆ, ಅದನ್ನು ತುಂಬಿ ಅಳೆಯದಿದ್ದರೆ ಧೂಳು ಇರುವುದಕ್ಕಿಂತ ಹೆಚ್ಚೆಂದು ತೋರುತ್ತದೆ. ಇದನ್ನು ಸರಿಪಡಿಸಲು ನನಗೆ ಮೂರು ವಾರ ಹಿಡಿಯಿತು.

ಧೂಳು ತೀರ ದಟ್ಟವಾದ ಕಡೆ ಈ ಗೆರೆಗಳೂ ಹೊರಬರುವುದಿಲ್ಲ. ಹೀರಿದ ಬೆಳಕನ್ನು ಧೂಳು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣವಾಗಿ ಹೊರಸೂಸುವುದನ್ನು ಅಳೆಯಬೇಕು. ಅಂಥ ಹನ್ನೊಂದು ಗ್ಯಾಲಕ್ಸಿಗಳನ್ನು ನನ್ನ ಪಟ್ಟಿಯಿಂದ ಬೇರೆ ತೆಗೆದಿಟ್ಟಿದ್ದೇನೆ.