ಹಿಮ ಕರಗುವ ಕಾಲದಲ್ಲಿ ಸಣ್ಣ ಬೆಟ್ಟ ಹತ್ತುವುದು, ಮುಖ್ಯವಾಗಿ ಇಳಿಯುವುದು ಹೇಗೆ?

ಹಿಮ ಬೀಳುವ ಸೀಮೆಯಲ್ಲಿ ವಸಂತ ಮೊದಲು ಬರುವುದು ಬೆಟ್ಟದ ಬುಡಕ್ಕೆ. ಕೆಳಗೆ ಬಿಸಿಲು, ಗಿಡದಲ್ಲಿ ಮೊಗ್ಗು, ಟಿ-ಶರ್ಟ್ ಸಾಕು ಅನ್ನಿಸುವ ಹವೆ. ಅಲ್ಲಿಂದ ಒಂದು ಗಂಟೆ ನಡೆದರೆ ಮತ್ತೆ ಚಳಿಗಾಲ. ಓಡುವ ಶೂ ಹಾಕಿಕೊಂಡು ಖುಷಿಯಾಗಿ ಹತ್ತಿದವರು ಮಧ್ಯಾಹ್ನದ ಮೇಲೆ ಮರ ಹಿಡಿದುಕೊಂಡು, ಕೂತುಕೊಂಡು, ಜಾರಿಕೊಂಡು ಇಳಿಯುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಹತ್ತುವುದು ಹೇಗೋ ಆಗಿಬಿಡುತ್ತದೆ. ಈ ಕಾಲದಲ್ಲಿ ಕಷ್ಟ ಇರುವುದು ಇಳಿಯುವಾಗ.

1. ದಿನ ಮತ್ತು ದಾರಿ ಆರಿಸಿ

ಊರಿನ ಹವಾಮಾನ ನೋಡಿ ಹೊರಡಬೇಡಿ, ತುದಿಯದ್ದು ನೋಡಿ. ಸರಾಸರಿ ಲೆಕ್ಕದಲ್ಲಿ 1000 ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ಗಾಳಿ ಬೇರೆ. ಅದಕ್ಕಿಂತ ಮುಖ್ಯ, ಹಿಂದಿನ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗಿತ್ತಾ ಅನ್ನುವುದು. ಹೋಗಿದ್ದರೆ ಬೆಳಿಗ್ಗೆ ಹಿಮ ಗಟ್ಟಿಯಾಗಿದ್ದು ನಿಮ್ಮ ಭಾರ ತಾಳುತ್ತದೆ. ರಾತ್ರಿಯೂ ಬೆಚ್ಚಗಿದ್ದರೆ ಹೆಜ್ಜೆಹೆಜ್ಜೆಗೂ ಹೂತುಹೋಗುತ್ತೀರಿ. ಅಂಥ ದಿನ ಮನೆಯಲ್ಲಿರಿ.

ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಒಣಗುತ್ತದೆ, ಉತ್ತರದ ಬದಿಯಲ್ಲಿ ಹಿಮ ಜಾಸ್ತಿ ದಿನ ಉಳಿಯುತ್ತದೆ. ಎರಡು ದಾರಿ ಇದ್ದರೆ ದಕ್ಷಿಣದ್ದನ್ನೇ ಹಿಡಿಯಿರಿ. ಮರಗಳಿಲ್ಲದ, ಹಿಮ ತುಂಬಿದ ಕಡಿದಾದ ಇಳಿಜಾರುಗಳನ್ನು ಪೂರ್ತಿ ಬಿಡಿ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಬೆಟ್ಟ ಸಣ್ಣದು ಅಂತ ಹಿಮಕ್ಕೆ ಗೊತ್ತಿರುವುದಿಲ್ಲ.

2. ಬಟ್ಟೆ

ಹತ್ತಿ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಮೈಗೆ ತಾಗಿ ಉಣ್ಣೆ ಅಥವಾ ಬೇಗ ಒಣಗುವ ಪಾಲಿಯೆಸ್ಟರ್, ಅದರ ಮೇಲೊಂದು ಬೆಚ್ಚನೆಯದು, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಹೊರಟರೆ ಅರ್ಧ ಗಂಟೆಯಲ್ಲಿ ಬೆವರಿ ತೊಯ್ಯುತ್ತೀರಿ. ಮೈ ತಣ್ಣಗಾಗಿ ಅಪಾಯಕ್ಕೆ ಸಿಕ್ಕಿಕೊಳ್ಳಲು ಹೆಪ್ಪುಗಟ್ಟುವ ಚಳಿಯೇನೂ ಬೇಕಿಲ್ಲ. ಒದ್ದೆ ಬಟ್ಟೆ ಮತ್ತು ಗಾಳಿ ಇದ್ದರೆ 8–10 ಡಿಗ್ರಿಯೂ ಸಾಕು.

3. ಕಾಲಿಗೆ

ಗಿಣ್ಣು ಮುಚ್ಚುವ, ನೀರು ಒಳಗೆ ಬಿಡದ ಬೂಟು. ಅದರ ಮೇಲೆ ಗೇಟರ್, ಅಂದರೆ ಬೂಟಿನೊಳಗೆ ಹಿಮ ಹೋಗದಂತೆ ಮೊಣಕಾಲ ಕೆಳಗೆ ಸುತ್ತುವ ಬಟ್ಟೆಯ ಕವಚ. ಜೊತೆಗೆ ಬೂಟಿನ ಕೆಳಗೆ ಸಿಕ್ಕಿಸುವ ಮೈಕ್ರೋಸ್ಪೈಕ್.

ಮೈಕ್ರೋಸ್ಪೈಕ್ ಅಂತ ಹೇಳಿ ಏನೇನೋ ಮಾರುತ್ತಾರೆ. ರಬ್ಬರಿಗೆ ನಾಲ್ಕು ಗುಂಡುಮೊಳೆ ಹೊಡೆದದ್ದು, ಸ್ಪ್ರಿಂಗ್ ಸುತ್ತಿದ್ದು. ಅವೆಲ್ಲ ಸಪಾಟು ರಸ್ತೆಗೆ. ಇಳಿಜಾರಿನಲ್ಲಿ ಪಕ್ಕಕ್ಕೆ ಸರಿದು ಬೂಟಿನ ಅಂಚಿನಲ್ಲಿ ನೇತಾಡುತ್ತವೆ, ಕೆಸರಿನಲ್ಲಿ ಕಳಚಿಯೇ ಹೋಗುತ್ತವೆ. ಉಕ್ಕಿನ ಸರಪಳಿ ಇದ್ದು, ಸುಮಾರು 1 ಸೆಂಟಿಮೀಟರ್ ಉದ್ದದ ಹಲ್ಲು ಇರುವುದನ್ನೇ ಕೊಳ್ಳಿ. ಮನೆಯಲ್ಲಿ ಒಮ್ಮೆ ಬೂಟಿಗೆ ಹಾಕಿ ತೆಗೆದು ನೋಡಿ. ಮರಗಟ್ಟಿದ ಬೆರಳಲ್ಲಿ, ಮಂಜುಗಡ್ಡೆಯ ಮೇಲೆ ಒಂಟಿಕಾಲಲ್ಲಿ ನಿಂತು ಕಲಿಯುವ ವಿದ್ಯೆ ಅಲ್ಲ ಇದು. ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಉದ್ದ ಹಲ್ಲಿನ ಲೋಹದ ಚೌಕಟ್ಟು) ಮತ್ತು ಐಸ್ ಆಕ್ಸ್ (ಹಿಮಗೊಡಲಿ) ಬೇಕಾಗುವಷ್ಟು ಕಡಿದಾದ ಬೆಟ್ಟವಾದರೆ ಈ ಲೇಖನ ಸಾಲದು, ಕಲಿಸುವವರ ಜೊತೆ ಹೋಗಿ.

ಒಂದು ಅಡ್ಡದಾರಿ ಹೇಳುತ್ತೇನೆ. ಬೂಟಿನೊಳಗೆ ನೀರು ಹೋದರೆ ಒಣ ಕಾಲುಚೀಲ ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಏರಿಸಿ, ಆಮೇಲೆ ಬೂಟು ಹಾಕಿಕೊಳ್ಳಿ. ನೋಡಲು ಚಂದ ಇಲ್ಲ, ಆದರೆ ಮನೆ ಮುಟ್ಟುವವರೆಗೆ ಕಾಲು ಬೆಚ್ಚಗಿರುತ್ತದೆ.

4. ಸಮಯ ಲೆಕ್ಕ ಹಾಕಿ, ಬೇಗ ಹೊರಡಿ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಹೋಗಿಬರಲು 10 ಕಿಲೋಮೀಟರ್, ಏರಿಕೆ 600 ಮೀಟರ್ ಅಂದರೆ 3 ಗಂಟೆ. ಅದು ಒಳ್ಳೆಯ ದಾರಿಗೆ ಹೇಳಿದ್ದು. ಹಿಮ ಕರಗುವ ಕಾಲದಲ್ಲಿ ಅದರ ಅರ್ಧದಷ್ಟು ಸೇರಿಸಿ, ಕೂತು ತಿನ್ನುವ ಹೊತ್ತು ಬೇರೆ ಇಟ್ಟುಕೊಳ್ಳಿ. ಬೆಳಕು ಹರಿಯುವಾಗಲೇ ಹೊರಡಿ. ಎಷ್ಟು ಗಂಟೆಗೆ ವಾಪಸ್ ತಿರುಗಬೇಕು ಅಂತ ಕೆಳಗೇ ನಿರ್ಧರಿಸಿ. ಮೇಲೆ ಹೋದಮೇಲೆ ತುದಿ ಕಾಣಿಸುತ್ತದೆ, ಬುದ್ಧಿ ಕೆಲಸ ಮಾಡುವುದಿಲ್ಲ.

5. ಹತ್ತುವುದು

ಮೊದಲು ಕೆಸರು. ಮೇಲಿನ ಮಣ್ಣು ಕರಗಿದೆ, ಕೆಳಗಿನದು ಇನ್ನೂ ಹೆಪ್ಪುಗಟ್ಟಿದೆ, ನೀರಿಗೆ ಇಂಗಲು ಜಾಗವಿಲ್ಲ. ಬೂಟು ಉಳಿಸಿಕೊಳ್ಳಲು ದಾರಿಯ ಅಂಚಿನಲ್ಲಿ ನಡೆಯಬೇಡಿ. ಎಲ್ಲರೂ ಹಾಗೆ ಮಾಡಿ ಕಾಲುದಾರಿ ರಸ್ತೆಯಷ್ಟು ಅಗಲವಾಗುತ್ತದೆ, ಚಿಗುರುವ ಗಿಡ ತುಳಿತಕ್ಕೆ ಸಾಯುತ್ತದೆ. ನಡುಮಧ್ಯೆ ನಡೆಯಿರಿ. ಬೂಟು ಇರುವುದೇ ಅದಕ್ಕೆ.

ತೊರೆ ದಾಟುವಾಗ ನೀರಿನ ಮಟ್ಟ ಗಮನಿಸಿ. ಬೆಳಿಗ್ಗೆ ಕಲ್ಲಿಂದ ಕಲ್ಲಿಗೆ ಹಾರಿ ದಾಟಿದ್ದು, ದಿನವಿಡೀ ಹಿಮ ಕರಗಿದ ಮೇಲೆ ಮೊಣಕಾಲುದ್ದ ಬಂದಿರಬಹುದು. ಬೆಳಿಗ್ಗೆಯೇ ಕಷ್ಟ ಅನ್ನಿಸಿದ ತೊರೆಯನ್ನು ದಾಟಬೇಡಿ. ಹಿಮದ ಮೇಲೆ ನಡೆಯುವಾಗ ಅಡಿಯಲ್ಲಿ ನೀರಿನ ಸದ್ದು ಕೇಳಿದರೆ ಹಿಂದೆ ಸರಿದು ಬೇರೆ ಕಡೆಯಿಂದ ಹೋಗಿ.

6. ಮಂಜುಗಡ್ಡೆಯ ದಾರಿ, ಮತ್ತು ಇಳಿಯುವುದು

ಇಲ್ಲೇ ಎಲ್ಲರೂ ಎಡವುವುದು. ಚಳಿಗಾಲವಿಡೀ ಜನ ನಡೆದು ನಡೆದು ದಾರಿಯ ಮಧ್ಯದ ಹಿಮ ಒತ್ತಿ ಗಟ್ಟಿಯಾಗಿರುತ್ತದೆ. ಅಕ್ಕಪಕ್ಕದ ಸಡಿಲ ಹಿಮ ಬೇಗ ಕರಗುತ್ತದೆ, ಇದು ಕರಗುವುದಿಲ್ಲ. ಕೊನೆಗೆ ಒಂದಡಿ ಅಗಲದ ಮಂಜುಗಡ್ಡೆಯ ದಿಂಡು ಮಾತ್ರ ಉಳಿಯುತ್ತದೆ. ಕೆಲವು ಕಡೆ ಚಾರಣಿಗರು ಅದನ್ನು ಮೋನೋರೈಲು ಅಂತಲೇ ಕರೆಯುತ್ತಾರೆ. ಅದರ ಮೇಲೆ ಜಾರುತ್ತದೆ, ಪಕ್ಕಕ್ಕೆ ಕಾಲಿಟ್ಟರೆ ತೊಡೆವರೆಗೆ ಹೂಳುತ್ತದೆ. ಬಂಡೆ, ಬಿದ್ದ ಮರ, ಹಿಮದಲ್ಲಿ ಮುಚ್ಚಿಹೋದ ಗಿಡಗಳ ಪಕ್ಕದಲ್ಲಂತೂ ಒಳಗೆಲ್ಲ ಪೊಳ್ಳು. ಅಲ್ಲಿಂದ ದೂರ ಹೆಜ್ಜೆ ಇಡಿ.

ಸ್ಪೈಕ್ ಹಾಕುವುದು ಜಾರಿ ಬಿದ್ದಮೇಲಲ್ಲ. ಉದ್ದಕ್ಕೆ ಮಂಜುಗಡ್ಡೆ ಶುರುವಾಯಿತು ಅಂದ ತಕ್ಷಣ, ಸಪಾಟಾದ ಜಾಗ ನೋಡಿ, ಕೂತು ಹಾಕಿಕೊಳ್ಳಿ. ನಡುವೆ ಹತ್ತಿಪ್ಪತ್ತು ಹೆಜ್ಜೆ ಬರಿ ನೆಲ ಬಂದರೆ ತೆಗೆಯಬೇಡಿ. ತೆಗೆದು ಹಾಕುವ ಬೇಸರಕ್ಕೇ ಜನ ಮುಂದಿನ ಸಲ ಹಾಕದೆ ಬೀಳುತ್ತಾರೆ. ಉದ್ದಕ್ಕೂ ಬಂಡೆಯೇ ಇದ್ದರೆ ಮಾತ್ರ ತೆಗೆಯಿರಿ.

ಇಳಿಯುವಾಗ ಹೆದರಿಕೆಗೆ ಮೈ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಅದೇ ತಪ್ಪು. ಹಿಂದಕ್ಕೆ ವಾಲಿದರೆ ಭಾರ ಹಿಮ್ಮಡಿಯ ಅಂಚಿಗೆ ಹೋಗಿ ಬೂಟು ಮುಂದಕ್ಕೆ ಜಾರುತ್ತದೆ. ಮೊಣಕಾಲು ಸ್ವಲ್ಪ ಮಡಚಿ, ಮೈಭಾರ ಪಾದದ ನೇರಕ್ಕೆ ತಂದು, ಪುಟ್ಟ ಹೆಜ್ಜೆ ಇಡಿ. ಪಾದ ಪೂರ್ತಿ ಚಪ್ಪಟೆಯಾಗಿ ಊರಬೇಕು, ಆಗಲೇ ಎಲ್ಲ ಹಲ್ಲೂ ಕಚ್ಚುವುದು. ಚಾರಣದ ಕೋಲು (ಟ್ರೆಕ್ಕಿಂಗ್ ಪೋಲ್) ನಿಮಗಿಂತ ಮುಂದೆ ಊರಿರಲಿ. ಇಳಿಯುವಾಗ ಕೋಲಿನ ಪಟ್ಟಿಯೊಳಗೆ ಕೈ ತೂರಿಸಬೇಡಿ. ಕೋಲು ಎಲ್ಲೋ ಸಿಕ್ಕಿಕೊಂಡರೆ ಮಣಿಕಟ್ಟೂ ಅದರ ಜೊತೆ ಹೋಗುತ್ತದೆ.

ಮೆತ್ತಗಿನ ಹಿಮ ಬಂದಾಗ ಲೆಕ್ಕ ಉಲ್ಟಾ. ಅಲ್ಲಿ ಹಿಮ್ಮಡಿಯನ್ನೇ ಮೊದಲು ಬಲವಾಗಿ ಊರಿ ಮೆಟ್ಟಿಲು ಮಾಡಿಕೊಂಡು ಇಳಿಯಬೇಕು. ಒದ್ದೆ ಹಿಮ ಸ್ಪೈಕಿನ ಅಡಿ ಉಂಡೆಕಟ್ಟುತ್ತದೆ, ಆಮೇಲೆ ಹಲ್ಲು ನೆಲಕ್ಕೇ ತಾಗುವುದಿಲ್ಲ. ಆಗಾಗ ಕೋಲಿನಿಂದ ಬೂಟಿನ ಬದಿಗೆ ತಟ್ಟಿ ಉದುರಿಸಿ. ಕಾಲು ಹೂತರೆ ಜೋರಾಗಿ ಎಳೆಯಬೇಡಿ, ಮೊಣಕಾಲು ಉಳುಕುವುದು ಹಾಗೆಯೇ. ಪಕ್ಕಕ್ಕೆ ವಾಲಿ, ಕೈಯಿಂದ ಹಿಮ ತೋಡಿ, ನಿಧಾನಕ್ಕೆ ಬಿಡಿಸಿಕೊಳ್ಳಿ.

ಕೂತು ಜಾರುವ ಆಸೆ ಆಗುತ್ತದೆ, ಗೊತ್ತು. ಕಾಲಲ್ಲಿ ಸ್ಪೈಕ್ ಇರುವಾಗ ಖಂಡಿತ ಬೇಡ. ಒಂದು ಹಲ್ಲು ಕಚ್ಚಿಕೊಂಡರೆ ಮೈ ಮುಂದೆ ಹೋಗುತ್ತದೆ, ಗಿಣ್ಣು ಅಲ್ಲೇ ಉಳಿಯುತ್ತದೆ.

ಇನ್ನೊಂದು ಮೋಸ ಕೊನೆಯ ಭಾಗದಲ್ಲಿದೆ. ಹಿಮ ಮುಗಿಯಿತು ಅಂತ ಸ್ಪೈಕ್ ಬಿಚ್ಚುತ್ತೀರಿ. ಮುಂದೆ ನೆರಳಿನಲ್ಲಿ, ಒದ್ದೆ ತರಗೆಲೆಯ ಅಡಿಯಲ್ಲಿ ಮಂಜುಗಡ್ಡೆಯ ತೇಪೆ ಕಾದಿರುತ್ತದೆ. ಸುಸ್ತಾದ ಕಾಲು, ಮನೆಗೆ ಹೋಗುವ ಅವಸರ ಬೇರೆ. ಎಲೆ ಹಾಸಿದ ಇಳಿಜಾರಿನಲ್ಲಿ ಕೋಲಿನಿಂದ ಕುಟ್ಟಿ ನೋಡಿ ಹೆಜ್ಜೆ ಇಡಿ.

7. ಚೀಲದಲ್ಲಿ

ಹೆಡ್‌ಲ್ಯಾಂಪ್, ಎರಡನೇ ಜೊತೆ ಕಾಲುಚೀಲ, ಇನ್ನೊಂದು ಬೆಚ್ಚನೆ ಜಾಕೆಟ್, ಕಾಗದದ ನಕ್ಷೆ. ಚಳಿಗೆ ಫೋನಿನ ಬ್ಯಾಟರಿ ಬೇಗ ಸಾಯುತ್ತದೆ, ಅದನ್ನು ಒಳಜೇಬಿನಲ್ಲಿಡಿ. ತಂಪು ಕನ್ನಡಕ ಮರೆಯಬೇಡಿ. ಹೊಸ ಹಿಮ ಅತಿನೇರಳೆ ಕಿರಣಗಳ 80 ಶೇಕಡಾದವರೆಗೂ ವಾಪಸ್ ಎಸೆಯುತ್ತದೆ. ಸನ್‌ಸ್ಕ್ರೀನ್ ಗಲ್ಲದ ಅಡಿಗೂ ಹಚ್ಚಿ.

8. ಮನೆಗೆ ಬಂದಮೇಲೆ

ಬೂಟನ್ನು ಹೀಟರಿನ ಮುಂದೆ ಇಡಬೇಡಿ, ಅಂಟು ಬಿಟ್ಟು ಅಟ್ಟೆ ಕಿತ್ತುಬರುತ್ತದೆ. ಒಳಗೆ ಹಳೆ ಪತ್ರಿಕೆ ತುರುಕಿ (ಈ ಪುರವಣಿಯೂ ಆದೀತು), ಒದ್ದೆಯಾದಂತೆ ಬದಲಿಸಿ. ಸ್ಪೈಕನ್ನು ತೊಳೆದು ಒರೆಸಿ ಒಣಗಿಸಿ. ಒದ್ದೆಯಾಗಿಯೇ ಚೀಲದಲ್ಲಿ ಬಿಟ್ಟರೆ ಮುಂದಿನ ವಾರಕ್ಕೆ ತುಕ್ಕು ಹಿಡಿದಿರುತ್ತದೆ.